ಎತ್ತಿ ಹೊಯ್ದ ನೀರು

ನನ್ನ ಕಿರಿ ಮಗಳಿಗೆ ಬೆಂಗಳೂರಿಗೆ ವರ್ಗವಾಗಿ, ಅಲ್ಲಿ ಮೂರನೆಯ ಮಹಡಿಯಲ್ಲೊಂದು ಬಾಡಿಗೆ ಮನೆ ಗೊತ್ತಾಯಿತು. ಮನೆ ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಾಲೀಕರು ಒಳ್ಳೆಯ ಮನುಷ್ಯರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನನಗೆ ಕುರ್ಚಿ ಹಾಕಿ ಕೂರಿಸಿದರು. ನಲ್ಲಿ ತಿರುಗಿಸಿ ತೋರಿಸಿದರು, ಸ್ವಿಚ್ಚು ಒತ್ತಿ ತೋರಿಸಿದರು. "ನೀರು, ಕರೆಂಟು ಎಲ್ಲ ಬಾಡಿಗೆಯಲ್ಲೇ ಸೇರಿದೆ ಅಮ್ಮ, ಬೇರೆ ಏನೂ ಕೊಡುವ ಹಾಗಿಲ್ಲ" ಎಂದರು. ನನ್ನ ಬಾಯಿಂದ "ನೀರು ಸೇದೋರು ಯಾರು?" ಎಂಬ ಮಾತು ಹೊರಟುಬಿಟ್ಟಿತು. ಮಗಳು ನಕ್ಕಳು, ಮಾಲೀಕರೂ ನಕ್ಕರು. ಮೇಲೆ ಟ್ಯಾಂಕಿದೆ, ಮೋಟರಿದೆ ಎಂದು ಸಮಾಧಾನ ಹೇಳಿದರು. ನಾನೂ ಅವರ ಜೊತೆ ನಕ್ಕೆ. ಆದರೆ ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಮಧುಗಿರಿಯ ಆ ಒಂದು ವರ್ಷವೇ ಕಣ್ಣ ಮುಂದೆ ಬಂದು ಕೂತಿತು.

ಆಗ ಯುದ್ಧ ನಡೆಯುತ್ತಿತ್ತು. ಮಹಾರಾಜರ ಸರ್ಕಾರದಲ್ಲಿ ನನ್ನ ಗಂಡನಿಗೆ ಮೇಷ್ಟ್ರ ಕೆಲಸ. ನಾವು ಪಾವಗಡದ ಕಡೆಯ ಕುರುಬರು. ಮಾವ ಕುರಿ ಕಾಯ್ದು, ಕಂಬಳಿ ಮಾರಿ ಮಗನನ್ನು ಓದಿಸಿದ್ದರು. ನಮ್ಮ ಹಟ್ಟಿಯಲ್ಲಿ ಅಂಗಿಯ ಮೇಲೆ ಕೋಟು ತೊಟ್ಟ ಮೊದಲ ಗಂಡಸು ನನ್ನ ಗಂಡನೇ. ಆ ಕೋಟನ್ನು ನೋಡಲೆಂದೇ ನಮ್ಮ ದೊಡ್ಡಮ್ಮ ಬೇರೆ ಊರಿನಿಂದ ಬಂದಿದ್ದಳು. ಮಧುಗಿರಿಗೆ ವರ್ಗವಾದಾಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ದಿಣ್ಣೆ ಬಂದಾಗಲೆಲ್ಲ ನಿಂತುಬಿಡುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳಬೇಕು. ಕೋಟು ತೊಟ್ಟ ಮೇಷ್ಟ್ರೂ ತಳ್ಳಿದರು. ಮಧುಗಿರಿಯ ಬೆಟ್ಟ ದೂರದಿಂದಲೇ ಕಂಡಾಗ, ಇಷ್ಟು ದೊಡ್ಡ ಬಂಡೆಯ ಕೆಳಗೆ ಜನ ಧೈರ್ಯವಾಗಿ ಹೇಗೆ ಮಲಗುತ್ತಾರೋ ಎಂದು ನನಗೆ ಅನ್ನಿಸಿತು.

ಊರಿನಲ್ಲಿ ಖಾಲಿ ಮನೆಗಳಿಗೇನೂ ಬರವಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದರೆ ಮೊದಲು ಉಪಚಾರ, ಮೇಷ್ಟ್ರೆಂದರೆ ಇನ್ನಷ್ಟು ಉಪಚಾರ. ಆಮೇಲೆ ಮೆಲ್ಲಗೆ ಯಾವ ಜನ ಎಂಬ ಪ್ರಶ್ನೆ. ಉತ್ತರ ಕೇಳಿದ ಕೂಡಲೇ ಆ ಮನೆ ನಿನ್ನೆಯೇ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ಶಾಲೆಯ ವರಾಂಡದಲ್ಲಿ ಪಾತ್ರೆ ಪಗಡೆ ಇಟ್ಟುಕೊಂಡು ಕೂತಿದ್ದಾಗ ನಮ್ಮನ್ನು ಕರೆಸಿಕೊಂಡವರು ರುದ್ರಪ್ಪ ಶೆಟ್ಟರು. ಕಡಲೆಕಾಯಿ, ಹುಣಸೆಹಣ್ಣಿನ ವ್ಯಾಪಾರ ಅವರದು. ಲಿಂಗವಂತರು, ತಲೆತಲಾಂತರದಿಂದ ಆ ಬೀದಿಯಲ್ಲೇ ಇದ್ದವರು. ತಮ್ಮ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಸಣ್ಣ ಬಚ್ಚಲು ಕಟ್ಟಿಸಿ ಬಾಡಿಗೆಗೆ ಬಿಡುತ್ತಿದ್ದರು. ನಮ್ಮ ಜಾತಿ ಕೇಳಿದ ಮೇಲೂ ಅವರು ಮಾತು ಬದಲಿಸಲಿಲ್ಲ.

"ನೋಡಿ ಮೇಷ್ಟ್ರೆ, ನೀರು, ದೀಪ, ಹಂಡೆ ಒಲೆಗೆ ಕಡಲೆಕಾಯಿ ಸಿಪ್ಪೆ, ಎಲ್ಲ ಬಾಡಿಗೇಲೇ ಬಂತು. ನಮ್ಮಪ್ಪನ ಕಾಲದಿಂದ ಇಂಗೇ. ನೀವು ಯಾತಕ್ಕೂ ಹೊರಗೆ ಹೋಗಂಗಿಲ್ಲ" ಎಂದರು.

ಸೀಮೆಎಣ್ಣೆಗೆ ಚೀಟಿ ಹಿಡಿದು ನಿಲ್ಲಬೇಕಾದ ಆ ಕಾಲದಲ್ಲಿ ಅದು ಬಹಳ ದೊಡ್ಡ ಮಾತು. ನನ್ನ ಗಂಡ ಕೈಮುಗಿದೇಬಿಟ್ಟರು. ನಾನು ಮಾತ್ರ ಶೆಟ್ಟರ ಹಿಂದೆ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ನೋಡುತ್ತಿದ್ದೆ. ಅವರ ತಾಯಿ ಗೌರಮ್ಮನವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಮಗನ ಮಾತು ಮುಗಿದ ಮೇಲೆ ಅವರು ತಮ್ಮ ಮಾತು ಸೇರಿಸಿದರು. ಬಾವಿ ಹಿತ್ತಿಲಲ್ಲಿದೆ, ಅದರ ನೀರು ಪೂಜೆಗೆ ಹೋಗುತ್ತದೆ, ಆದ್ದರಿಂದ ಲಿಂಗವಿಲ್ಲದವರು ಹಗ್ಗ ಮುಟ್ಟುವ ಹಾಗಿಲ್ಲ. ನಮ್ಮ ಪಾತ್ರೆಯನ್ನು ಗಿಡ್ಡ ಗೋಡೆಯ ಈಚೆಗಿರುವ ಕಲ್ಲಿನ ಮೇಲೆ ಇಟ್ಟರೆ, ಒಳಗಿನವರು ಸೇದಿ ಮೇಲಿನಿಂದ ಹೊಯ್ಯುತ್ತಾರೆ. ಎಲ್ಲ ಲಿಂಗವಂತರ ಮನೆಯಲ್ಲೂ ಹೀಗಿತ್ತೆಂದು ನಾನು ಹೇಳುವುದಿಲ್ಲ. ಆಮೇಲೆ ಸಿರಾದಲ್ಲಿ ಲಿಂಗವಂತರ ಬಾವಿಯಲ್ಲೇ ನಾನು ನೀರು ಸೇದಿದ್ದೇನೆ, ಅವರ ಹೆಣ್ಣುಮಕ್ಕಳಿಗೆ ಬಾಣಂತನ ಮಾಡಿದ್ದೇನೆ. ಇದು ಗೌರಮ್ಮನವರ ಆಚಾರ, ಅವರ ಅತ್ತೆಯಿಂದ ಅವರಿಗೆ ಬಂದದ್ದು.

ಮೊದಲ ಬೆಳಗ್ಗೆ ನನ್ನ ಕೊಡವನ್ನು ಕಲ್ಲಿನ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ನಿಂತೆ. ರಾಟೆ ಕಿರುಗುಟ್ಟಿತು. ಗೋಡೆಯ ಆಚೆಯಿಂದ ಎರಡು ಬಳೆಯ ಕೈ, ಒಂದು ತಾಮ್ರದ ಬಿಂದಿಗೆ ಎದ್ದು ಬಂತು. ಬಿಂದಿಗೆ ನನ್ನ ಕೊಡಕ್ಕೆ ತಾಗದ ಹಾಗೆ, ಎದೆಯ ಮಟ್ಟದವರೆಗೂ ಎತ್ತಿ ಹಿಡಿದು ಹೊಯ್ಯಬೇಕು. ನಮ್ಮ ಹಟ್ಟಿಯಲ್ಲಿ ನೀರೆಂದರೆ ದಿಣ್ಣೆ ಹತ್ತಿ ಇಳಿದು ಹೊತ್ತು ತರುವುದು. ಇಲ್ಲಿ ರಾಣಿಯ ಹಾಗೆ ನಿಂತಿದ್ದರೆ ನೀರು ತಾನೇ ಮೇಲಿನಿಂದ ಬೀಳುತ್ತದೆ ಎಂದು ಗಂಡನಿಗೆ ಹೇಳಿ ನಕ್ಕೆ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತಾರೆ, ಬಾವಿ ನೀರಿಗೆ ಗೌರಮ್ಮನವರ ಅಪ್ಪಣೆ ಬೇಕೇ ಬೇಕು ಎಂದೂ ಅಂದೆ. ಗಂಡ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಮಾತಾಡು ಎಂದರು.

ಆ ಬಳೆಯ ಕೈಗಳು ಶೆಟ್ಟರ ಹೆಂಡತಿ ನೀಲಮ್ಮನವು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳಿರಬಹುದು. ಕೊರಟಗೆರೆಯ ಕಡೆಯ ಹುಡುಗಿ. ಸಣ್ಣ ದೇಹ, ಸಣ್ಣ ದನಿ. ಅವಳ ಪರಿಚಯವಾದದ್ದು ದೀಪದ ದೆಸೆಯಿಂದ. ನಮ್ಮ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಆಚೆಗೂ ಈಚೆಗೂ ತೆರೆದ ಹಾಗೆ ಒಂದು ಗೂಡು ಕೊರೆದಿದ್ದರು. ಸಂಜೆ ನೀಲಮ್ಮ ಅದರಲ್ಲಿ ಒಂದು ಲಾಟೀನು ಇಟ್ಟರೆ ಅವರ ಕಡೆಗೂ ಬೆಳಕು, ನಮ್ಮ ಕಡೆಗೂ ಬೆಳಕು. ಶೆಟ್ಟರ ತಂದೆಯ ಬುದ್ಧಿವಂತಿಕೆಯಂತೆ ಅದು. ಎರಡು ಮನೆಗೆ ಒಂದು ಲಾಟೀನು, ಮಾತೂ ತಪ್ಪಲಿಲ್ಲ, ಎಣ್ಣೆಯೂ ಉಳಿಯಿತು. ಆ ಬೆಳಕಿನಲ್ಲೇ ನನ್ನ ಗಂಡ ನನಗೆ ಅಕ್ಷರ ಕಲಿಸಿದರು. ಈ ನಾಲ್ಕು ಸಾಲು ಬರೆಯುವ ಭಾಗ್ಯ ಬಂದದ್ದು ಆ ಗೂಡಿನಿಂದ.

ಗೂಡಿನ ಆಚೆ ನೀಲಮ್ಮ ರೊಟ್ಟಿ ಬಡಿಯುವಳು, ಈಚೆ ನಾನು ಮುದ್ದೆ ತೊಳಸುವೆ. ಮೊದಮೊದಲು ಕೆಮ್ಮು, ಬಳೆಯ ಸದ್ದು ಅಷ್ಟೇ. ಆಮೇಲೆ ನಮ್ಮ ಕಡೆಯ ತೆಲುಗು ಬೆರೆತ ಕನ್ನಡ ಕೇಳಿ ಅವಳಿಗೆ ನಗು. ನಾನು ಸಿಟ್ಟಿನಲ್ಲಿ "ಏಮಿ ಕರ್ಮವೋ" ಎಂದರೆ ಅವಳೂ ಅದನ್ನೇ ಅಂದು ನಗುವಳು. ಲಾಟೀನು ನಡುವೆ ಇದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಅರ್ಧ ಮಾತ್ರ ಕಾಣುತ್ತಿತ್ತು. ಒಂದು ಸಂಜೆ ಬತ್ತಿ ಸರಿಮಾಡಲು ಅವಳು ಕೈ ಚಾಚಿದಾಗ ಅವಳ ಅಂಗೈ ನೋಡಿದೆ. ಹಗ್ಗ ಉಜ್ಜಿ ಉಜ್ಜಿ ಚರ್ಮ ದಡ್ಡುಗಟ್ಟಿ, ಅಲ್ಲಲ್ಲಿ ಒಡೆದಿತ್ತು. ಕುರುಬರ ಹಟ್ಟಿಯಲ್ಲಿ ಹುಟ್ಟಿದ ನನ್ನ ಅಂಗೈ ಆ ಹೊತ್ತಿಗೆ ಮೆತ್ತಗಾಗುತ್ತಾ ಬಂದಿತ್ತು. ಬಾಡಿಗೆಯನ್ನು ನಾವು ಶೆಟ್ಟರ ಕೈಗೆ ಕೊಡುತ್ತಿದ್ದೆವು, ನೀರು ಬರುತ್ತಿದ್ದದ್ದು ಇವಳ ರಟ್ಟೆಯಿಂದ. ಇದು ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತೇ ಎಂದು ನನ್ನ ಮೇಲೇ ಸಿಟ್ಟು ಬಂತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವಳು ಲಾಟೀನು ಇಟ್ಟು, ಕೈ ತೆಗೆಯದೆ ನಿಂತಳು.

"ಅಕ್ಕ, ನಂಗೆ ತಿಂಗಳು ನಿಂತೈತೆ" ಎಂದಳು.

ನಾನು ಸಂತೋಷದ ಮಾತಾಡಲು ಹೊರಟೆ. ಅವಳು ತಡೆದಳು. ಇದು ಮೂರನೆಯದಂತೆ. ಹಿಂದಿನ ಎರಡೂ ಐದನೆಯ ತಿಂಗಳು ದಾಟುವ ಮುಂಚೆಯೇ ಹೋಗಿದ್ದವು. ಎರಡನೆಯದು ಹೋದಾಗ ಸೂಲಗಿತ್ತಿ ಬಿಚ್ಚಿ ಹೇಳಿದ್ದಳಂತೆ, ಗರ್ಭ ಜಾರುವ ಮೈ ಇದು, ಇನ್ನೊಂದು ಸಲ ನಿಂತರೆ ಹಗ್ಗ ಹಿಡಿಯಕೂಡದು, ಬಿಂದಿಗೆ ಎತ್ತಕೂಡದು ಎಂದು. ಅತ್ತೆಗೆ ಹೇಳಿದೆಯಾ ಎಂದು ಕೇಳಿದೆ. ಅತ್ತೆಗೆ ಎಲ್ಲ ಗೊತ್ತು, ಆದರೆ ತಾವು ಹೆರುವ ದಿನದವರೆಗೂ ಸೇದಿದವರು ಅವರು, ಅವರಿಗೆ ಸೂಲಗಿತ್ತಿಯ ಮಾತು ಹಿಡಿಸಲಿಲ್ಲ ಎಂದಳು. ಕೆಲಸದವಳನ್ನು ಇಡೋಣವೆಂದರೆ ಲಿಂಗ ಕಟ್ಟಿದವಳೇ ಆಗಬೇಕು, ಅಂಥವರು ಯಾರೂ ಇನ್ನೊಬ್ಬರ ಮನೆಯ ನೀರು ಸೇದಲು ಬರುತ್ತಿರಲಿಲ್ಲ. ಇನ್ನು ಶೆಟ್ಟರು. ಕಡಲೆಕಾಯಿ ಮೂಟೆಯನ್ನು ಒಂದೇ ಉಸಿರಿಗೆ ಬೆನ್ನಿಗೇರಿಸುತ್ತಿದ್ದ ಗಂಡಸು ಅವರು. ಆದರೆ ಗಂಡಸು ರಾಟೆಯ ಹಗ್ಗ ಹಿಡಿದರೆ ಬೀದಿ ನಗುತ್ತದಂತೆ. ಮೂಟೆ ಎತ್ತಿದರೆ ಗಂಡಸು, ಬಿಂದಿಗೆ ಎತ್ತಿದರೆ ಹೆಂಗಸು! ಇದ್ಯಾವ ತೂಕವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಮಗು ಉಳಿಯಬೇಕೆಂಬ ಹಟ ಅವತ್ತಿನಿಂದ ನನಗೂ ಹತ್ತಿಕೊಂಡಿತು. ಮಾರನೆಯ ಬೆಳಗ್ಗೆ ಗೌರಮ್ಮನವರು ಒಬ್ಬರೇ ಹಿತ್ತಿಲಲ್ಲಿದ್ದಾಗ ಗೋಡೆಯ ಈಚೆ ನಿಂತು, ನಮ್ಮ ಪಾಲಿನ ನೀರನ್ನು ನಾನೇ ಸೇದಿಕೊಳ್ಳುತ್ತೇನೆ, ಬೇಕಾದರೆ ಹೊಸ ಹಗ್ಗ, ಹೊಸ ಬಿಂದಿಗೆ ತರಿಸುತ್ತೇನೆ ಎಂದೆ. ಅವರು ಬಯ್ಯಲಿಲ್ಲ. ಹಗ್ಗ ಯಾವುದಾದರೂ ಬಾವಿ ಒಂದೇ ಅಲ್ಲವೇ ಎಂದು ಕೇಳಿ ಒಳಗೆ ಹೋದರು. ಸೂಲಗಿತ್ತಿಯೂ ಲಿಂಗವಿಲ್ಲದವಳೇ. ಅವಳು ಸೊಸೆಯ ಹೊಟ್ಟೆ ಮುಟ್ಟಬಹುದು, ಹಗ್ಗ ಮುಟ್ಟಬಾರದು. ಬಾಯಿಗೆ ಬಂದ ಈ ಮಾತನ್ನು ನಾನು ನುಂಗಿಕೊಂಡೆ. ಮನೆ ಕಳೆದುಕೊಂಡರೆ ಇನ್ನೊಂದು ಸಿಗುವುದಿಲ್ಲ ಎಂಬ ಭಯ ನನಗೂ ಇತ್ತು.

ಅವರ ನೀರೇ ಬೇಡ ಎಂದು ತೀರ್ಮಾನಿಸಿದೆ. ಕೊಡ ಎತ್ತಿಕೊಂಡು ಕೋಟೆಯ ಕೆಳಗಿನ ಕಲ್ಯಾಣಿಗೆ ಹೊರಟೆ. ದಾರಿ ದೂರವಿದ್ದರೂ ನಮ್ಮ ಹಟ್ಟಿಯ ದಾರಿಯ ಮುಂದೆ ಅದೇನು ದೊಡ್ಡದಲ್ಲ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬೀದಿಯಲ್ಲಿ ಬರುವಾಗ ಎಷ್ಟೋ ತಿಂಗಳ ಮೇಲೆ ಮೈ ಹಗುರವಾದ ಹಾಗೆ ಅನ್ನಿಸಿತು. ಅಂಗಡಿ ಜಗಲಿಯ ಮೇಲೆ ಕೂತವರು ನೋಡಿದರು. ಯಾರೋ ಶೆಟ್ಟರನ್ನು ಕೇಳಿಯೇ ಬಿಟ್ಟರಂತೆ, ಏನು ನಿಮ್ಮ ಬಾಡಿಗೆಯವರು ನೀರಿಗೆ ಹೊರಗೆ ಹೊರಟರು, ಬಾವಿ ಕೈಕೊಟ್ಟಿತೇ ಎಂದು. ಸಂಜೆ ನನ್ನ ಗಂಡ ಶಾಲೆಯಿಂದ ಬರುವುದನ್ನೇ ಕಾದಿದ್ದು ಶೆಟ್ಟರು ಬಾಗಿಲಿಗೆ ಬಂದರು. ಅಷ್ಟು ಸಿಟ್ಟಾದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಮೇಷ್ಟ್ರೆ, ಈ ಮನೇಲಿ ಇದ್ದೋರು ನೀರಿಗೆ ಅಂತ ಹೊಸ್ಲು ದಾಟಿಲ್ಲ. ನಿಮ್ಮಾಕೆ ಕೊಡ ಹೊತ್ಕಂಡು ಬೀದೀಲಿ ಬಂದ್ರೆ ಶೆಟ್ರ ಬಾವಿ ಬತ್ತೋಯ್ತು ಅಂತಾರೆ. ಬಾವಿ ಬತ್ತಿದ ಮನೆಯೋನ್ನ ನಂಬಿ ಯಾವ ರೈತ ಸರಕು ಹಾಕ್ತಾನೆ? ಕೊಟ್ಟ ಮಾತು ಕೊಟ್ಟಂಗೇ. ಈ ಮನೆ ನೀರೇ ಕುಡೀರಿ, ಇಲ್ದಿದ್ರೆ ಬೇರೆ ಮನೆ ನೋಡ್ಕಳಿ."

ನನ್ನ ಗಂಡ ನೀಲಮ್ಮನ ದೇಹಸ್ಥಿತಿಯ ಮಾತೆತ್ತಿದರು. ಶೆಟ್ಟರ ಮುಖ ಕೆಂಪಗಾಯಿತು. ಅದು ನಮ್ಮ ಮನೆಯ ಒಳಗಿನ ವಿಷಯ ಎಂದು ಹೊರಟುಹೋದರು. ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನೀರು ಕಡಿಮೆ ಮಾಡಿ ಬಾಡಿಗೆ ಪೂರ್ತಿ ಕೇಳುವ ಮಾಲೀಕರನ್ನು ಆಮೇಲೆ ಎಷ್ಟೋ ಊರಲ್ಲಿ ಕಂಡಿದ್ದೇನೆ. ಇವರು ಬೇಡವೆಂದರೂ ಕೊಡುವವರು. ಆಡಿದ ಮಾತಿನಲ್ಲಿ ಒಂದು ತೊಟ್ಟು ಕಡಿಮೆಯಾಗಬಾರದು, ಅದಕ್ಕೆ ಯಾರ ಹೊಟ್ಟೆಯ ಕೂಸು ಹೋದರೂ ಸರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಮಾಲೀಕರ ಮರ್ಯಾದೆ, ಅತ್ತೆಯ ಮಡಿ, ನಮ್ಮ ಭಯ ಈ ಮೂರರ ನಡುವೆ ಕೂಸು ಸಿಕ್ಕಿಕೊಂಡಿತ್ತು.

ನಾನು ಮನೆ ಬಿಡೋಣ ಎಂದೆ. ಬಿಟ್ಟು ಎಲ್ಲಿಗೆ ಹೋಗುತ್ತೀ ಎಂದು ನನ್ನ ಗಂಡ ಕೇಳಿದರು. ನಾವು ಬಿಟ್ಟರೆ ನಾಳೆ ಐದಾರು ಮಕ್ಕಳ ಸಂಸಾರ ಬರುತ್ತದೆ, ನೀಲಮ್ಮ ಅವರಿಗೂ ಸೇದಬೇಕಲ್ಲವೇ ಎಂದೂ ಕೇಳಿದರು. ನಾನು ಕೂಗಾಡಿದೆ, ಅವರು ಬಡವನ ಕೋಪ ದವಡೆಗೆ ಮೂಲ ಎಂದು ಹೇಳಿ ಪುಸ್ತಕ ತೆರೆದರು. ಅವತ್ತು ನಾನು ಊಟ ಮಾಡಲಿಲ್ಲ. ಅವರೂ ಮಾಡಲಿಲ್ಲ.

ಕೊನೆಗೆ ಕಳ್ಳದಾರಿ ಹಿಡಿದೆ. ಬಟ್ಟೆಯನ್ನು ಒಣಗಿಸುವ ನೆಪದಲ್ಲಿ ಗಂಟು ಕಟ್ಟಿಕೊಂಡು ಹೋಗಿ ಕಲ್ಯಾಣಿಯಲ್ಲೇ ಒಗೆದು ಬರುವೆ. ಪಾತ್ರೆಗೆ ಬೂದಿ ಹಾಕಿ ನೀರಿಲ್ಲದೆಯೇ ತಿಕ್ಕಿ ಬಟ್ಟೆಯಲ್ಲಿ ಒರೆಸುವೆ. ನನ್ನ ಗಂಡ ಸ್ನಾನಕ್ಕೆ ಕೋಟೆಯ ಕಡೆಗೆ ಹೋಗಿಬರುವರು, ವ್ಯಾಯಾಮಕ್ಕೆ ಹೋಗುತ್ತೇನೆಂದು ಬೀದಿಯವರಿಗೆಲ್ಲ ಹೇಳುವರು. ಕಲ್ಲಿನ ಮೇಲೆ ನಾನು ಇಡುತ್ತಿದ್ದುದು ಕುಡಿಯುವ, ಅಡುಗೆಯ ಒಂದು ಕೊಡ ಮಾತ್ರ. ಆದರೂ ಅತ್ತೆಯೋ ಗಂಡನೋ ನೋಡುತ್ತಿದ್ದರೆ ನೀಲಮ್ಮ ಎಂದಿನಷ್ಟೇ ಸೇದಬೇಕು. ಸೇದಿ, ನನ್ನ ಕೊಡ ತುಂಬಿದ ಮೇಲೂ ಹೊಯ್ಯಬೇಕು. ನೀರು ಕಲ್ಲಿನ ಮೇಲೆ ಹರಿದು ಚರಂಡಿಗೆ ಹೋಗುವುದನ್ನು ನಾವಿಬ್ಬರೂ ನಿಂತು ನೋಡುತ್ತಿದ್ದೆವು.

ಬೇಸಿಗೆ ಬಂತು. ಮಧುಗಿರಿಯ ಬೇಸಿಗೆಯಲ್ಲಿ ಬೆಟ್ಟ ಹಗಲೆಲ್ಲ ಕಾಯ್ದು, ಹೊತ್ತು ಮುಳುಗಿದ ಮೇಲೂ ಬಿಸಿಯನ್ನು ಊರಿನ ಮೇಲೆ ಸುರಿಯುತ್ತದೆ. ಬಾವಿ ಕೆಳಗಿಳಿಯಿತು. ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದರು. ರಾಟೆಯ ಸದ್ದು ಮುಂಚೆ ಚಿಕ್ಕದಾಗಿ ಮುಗಿಯುತ್ತಿದ್ದುದು ಈಗ ಎಳೆದಷ್ಟೂ ಎಳೆಯುತ್ತಿತ್ತು. ನೀಲಮ್ಮನಿಗೆ ಐದು ತುಂಬುತ್ತಾ ಬಂದಿತ್ತು. ಸಂಜೆ ಲಾಟೀನಿನ ಬಳಿ ಅವಳ ಮಾತು ಕಡಿಮೆಯಾಯಿತು. ಎಲ್ಲ ಸರಿಯಿದೆಯಾ ಎಂದರೆ ಹ್ಞೂಂ ಅನ್ನುವಳು.

ಒಂದು ಬೆಳಗ್ಗೆ ಹಗ್ಗ ಸರ್ರನೆ ಜಾರಿದ ಸದ್ದು, ಬಿಂದಿಗೆ ನೀರಿಗೆ ಬಡಿದ ಸದ್ದು ಕೇಳಿಸಿತು. ಓಡಿಹೋದೆ. ಗೋಡೆಯ ಆಚೆ ನೀಲಮ್ಮ ಬಾವಿಕಟ್ಟೆ ಹಿಡಿದು ಕುಸಿದು ಕೂತಿದ್ದಳು. ನಾನು ಗೋಡೆ ಹಾರಿದೆ. ಅವಳ ಸೀರೆಯ ಅಂಚಿನಲ್ಲಿ ಸ್ವಲ್ಪ ರಕ್ತ ಕಂಡಿತು. ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಗೌರಮ್ಮನವರನ್ನು ಕೂಗಿದೆ. ಅವರು ಬಂದರು. ನಾನು ಬಾವಿಕಟ್ಟೆಯ ಬಳಿ ಇರುವುದನ್ನೂ ನೋಡಿದರು, ಸೊಸೆಯನ್ನೂ ನೋಡಿದರು. ನನಗೇನೂ ಅನ್ನದೆ ಸೊಸೆಯ ಕಾಲ ಕಡೆ ಕೈ ಹಾಕಿದರು. ಇಬ್ಬರೂ ಸೇರಿ ಅವಳನ್ನು ಒಳಕ್ಕೆ ಸಾಗಿಸಿದೆವು. ಸೂಲಗಿತ್ತಿ ಬಂದು ನೋಡಿ, ಜೀವ ಇನ್ನೂ ಇದೆ, ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಿಸಬೇಡಿ, ಈ ಸಲ ಏಳಿಸಿದರೆ ನನ್ನನ್ನು ಕರೆಯಬೇಡಿ ಎಂದು ಗದರಿ ಹೋದಳು.

ಮಾರನೆಯ ದಿನ ರಾಟೆಯ ಸದ್ದು ಕೇಳಿ ನನ್ನ ಜೀವ ಹೋದ ಹಾಗಾಯಿತು. ಇಷ್ಟಾದ ಮೇಲೂ ಆ ಹುಡುಗಿಯನ್ನು ಎಬ್ಬಿಸಿದರೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅನ್ನಲು ಸಿದ್ಧಳಾಗಿ ಹಿತ್ತಿಲಿಗೆ ನುಗ್ಗಿದೆ. ಹಗ್ಗ ಹಿಡಿದಿದ್ದವರು ಗೌರಮ್ಮನವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲನ್ನು ಕಟ್ಟೆಗೆ ಒತ್ತಿಕೊಟ್ಟು, ಒಂದು ಮಾರು ಎಳೆದು ನಿಂತು ಉಸಿರು ತೆಗೆದುಕೊಂಡು, ಮತ್ತೊಂದು ಮಾರು ಎಳೆಯುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹೀಯಾಳಿಸುವಷ್ಟು ಸಿಟ್ಟು ನನ್ನಲ್ಲಿತ್ತು. ಆ ಮುದುಕಿಯ ಕುತ್ತಿಗೆಯ ನರ ಉಬ್ಬಿದ್ದು ನೋಡಿ ಗೋಡೆಯ ಈಚೆಯೇ ನಿಂತುಬಿಟ್ಟೆ.

ಬಿಂದಿಗೆ ಮೇಲೆ ಬಂತು. ಅವರು ಅದನ್ನು ಎದೆಯ ಮಟ್ಟಕ್ಕೆ ಎತ್ತಿ, ಹಿಂದಿನ ದಿನದಿಂದ ಕಲ್ಲಿನ ಮೇಲೇ ಇದ್ದ ನನ್ನ ಕೊಡಕ್ಕೆ ಹೊಯ್ದರು. ತೋಳು ಸೋತು ಅರ್ಧ ನೀರು ಕಲ್ಲಿನ ಮೇಲೆ ಬಿತ್ತು.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಹಗ್ಗ ಕೊಡಿ, ನಿಮ್ಮ ಮನೆಗೂ ನಾನೇ ಸೇದಿ ಹಾಕ್ತೀನಿ" ಎಂದೆ.

ಅವರು ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟರು.

"ಎಲ್ಡು ಸಲ ಈ ಹಗ್ಗಾನ ಅವಳ ಕೈಗೆ ಕೊಟ್ಟೋಳು ನಾನೇ ಕಣಮ್ಮ. ನಾನು ಹೆರೋ ದಿನದ ಗಂಟ ಸೇದಿದ್ದೆ, ಇವಳಿಗೇನು ದೊಡ್ಡರೋಗ ಅಂದ್ಕಂಡಿದ್ದೆ. ಎಲ್ಡನ್ನೂ ಮಣ್ಣಿಗಾಕ್ದಾಗ ಮುಂದೆ ನಿಂತೋಳೂ ನಾನೇಯ. ಇದು ಉಳೀಬೇಕು. ಅದಕ್ಕೆ ನನ್ನ ರಟ್ಟೆ ಹೋದ್ರೆ ಹೋಗ್ಲಿ ಬುಡು."

"ನಾನು ಸೇದಿದ್ರೆ ನಿಮ್ಮ ರಟ್ಟೇನೂ ಉಳೀತೈತಲ್ಲಮ್ಮ."

"ನಿನ್ನ ಕೈ ಕೆಟ್ಟದ್ದು ಅಂತ ನಾನಂದಿಲ್ಲ. ನಿನ್ನೆ ಅವಳ ತಲೆ ನಿನ್ನ ತೊಡೆ ಮೇಲಿದ್ದಿದ್ದು ನಾನು ಮರೀತೀನಾ? ಆದ್ರೆ ಈ ನೀರು ಲಿಂಗಕ್ಕೋಗ್ತೈತೆ. ಸಾಯೋವಾಗ ನಮ್ಮತ್ತೆ ನನ್ನ ಕೈ ಹಿಡ್ಕಂಡು ಇದೊಂದನ್ನೇ ಕೇಳಿದ್ದು. ನಾನಿರೋಗಂಟ ಇಂಗೇ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಕೈಮುಗಿಯಲೂ ಆಗಲಿಲ್ಲ. ಒಂದು ಕಡೆ ತೀರಿಹೋದ ಅವರ ಅತ್ತೆ, ಅದಕ್ಕೂ ಮುಂಚೆ ಹೋದ ಆ ಅತ್ತೆಯ ಅತ್ತೆ, ಎಲ್ಲರೂ ಆ ಹಗ್ಗದ ಒಂದು ತುದಿ ಹಿಡಿದು ನಿಂತಿದ್ದರು. ಇನ್ನೊಂದು ತುದಿಯಲ್ಲಿ ಇನ್ನೂ ಹುಟ್ಟದ ಮಗು. ನಡುವೆ ಈ ಹೆಂಗಸು ಎರಡನ್ನೂ ಬಿಡದೆ ಎಳೆಯುತ್ತಿದ್ದರು. ಶೆಟ್ಟರು ಒಂದು ದಿನ ಹಿತ್ತಿಲ ಬಾಗಿಲಿಗೆ ಬಂದು ತಾಯಿಯನ್ನು ನೋಡಿ ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋದರು. ಆಮೇಲೆ ಅವರೇ ಬಂದು ನನ್ನ ಗಂಡನಿಗೆ, ನಿಮ್ಮವರು ಕಲ್ಯಾಣಿಗೆ ಹೋಗುವುದಾದರೆ ಹೋಗಲಿ, ಊರವರು ಏನಾದರೂ ಅಂದುಕೊಳ್ಳಲಿ ಎಂದರು. ಅಷ್ಟು ಹೇಳಲು ಆ ಮನುಷ್ಯನಿಗೆ ಎಷ್ಟು ಕಷ್ಟವಾಯಿತೆಂದು ಅವರ ಮುಖವೇ ಹೇಳುತ್ತಿತ್ತು. ಅವತ್ತಿನಿಂದ ನಮ್ಮ ಮನೆಗೆ ಕಲ್ಯಾಣಿಯ ನೀರು. ಆದರೆ ಅವರ ಮನೆಯ ನೀರು, ಪೂಜೆಗೆಂದೇ ಮೀಸಲಾಗಿ ಸೇದುವ 'ಅಗ್ಘಣಿ'ಯ ನೀರು, ಹಸುಗಳ ನೀರು, ಬಸುರಿಯ ಸ್ನಾನದ ನೀರು ಎಲ್ಲ ಆ ಮುದುಕಿಯ ತೋಳಿನಿಂದಲೇ ಬರಬೇಕಾಗಿತ್ತು. ನಾನು ತುಂಬಿದ ಕೊಡವಿಟ್ಟುಕೊಂಡು ಗೋಡೆಯ ಈಚೆ ನಿಂತಿರುತ್ತಿದ್ದೆ. ಹಸುಗಳ ತೊಟ್ಟಿಗೆ ಹೊಯ್ಯಲೂ ಅವರು ಒಪ್ಪಲಿಲ್ಲ.

ಆ ಬೇಸಿಗೆ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಸಂಜೆ ಲಾಟೀನು ಇಡುವ ಕೆಲಸವೂ ಗೌರಮ್ಮನವರಿಗೇ ಬಂತು. ಬರಬರುತ್ತಾ ಲಾಟೀನನ್ನು ಗೂಡಿನ ಎತ್ತರಕ್ಕೆ ಎತ್ತಲು ಅವರಿಗೆ ಎಡಗೈಯ ಆಸರೆ ಬೇಕಾಯಿತು. ಎಣ್ಣೆ ತಿಕ್ಕಿಸಿಕೊಂಡರು, ಹುಣಸೆಸೊಪ್ಪಿನ ಶಾಖ ಕೊಟ್ಟುಕೊಂಡರು. ಹುಣಸೆಸೊಪ್ಪನ್ನು ಮಾತ್ರ ನಾನು ಕೊಯ್ದು ತಂದುಕೊಡಬಹುದಾಗಿತ್ತು, ಅದನ್ನಾದರೂ ತಪ್ಪದೆ ಮಾಡಿದೆ. ನೀಲಮ್ಮ ಒಳಗೆ ಮಲಗಿ ಅಳುತ್ತಿದ್ದಳು. ಒಂದು ಸಲ ನಾನೇ ಸೇದುತ್ತೇನೆ ಎಂದು ಎದ್ದು ಬಂದಿದ್ದಳಂತೆ. ಅತ್ತೆ ಕೈಯೆತ್ತಿ ಹೊಡೆಯಲು ಹೋದರಂತೆ. ಆ ಮನೆಯಲ್ಲಿ ಸೊಸೆಯ ಮೇಲೆ ಕೈಯೆತ್ತಿದ್ದು ಅದೊಂದೇ ಸಲವಂತೆ.

ಮಳೆ ತಡವಾಗಿ ಬಂತು, ಬಂದದ್ದು ಚೆನ್ನಾಗಿಯೇ ಬಂತು. ಬೆಟ್ಟದ ಮೈಯೆಲ್ಲ ನೀರಿಳಿದು ಬಾವಿ ಮೇಲಕ್ಕೆ ಬಂದ ದಿನಗಳಲ್ಲೇ ನೀಲಮ್ಮನಿಗೆ ನೋವು ಕಾಣಿಸಿಕೊಂಡಿತು. ನಡುಹಗಲಿನಲ್ಲಿ ಗೋಡೆಯ ಗೂಡಿನಿಂದ ಮಗುವಿನ ಅಳು ಬಂತು. ನಾನು ಒಲೆಯ ಮುಂದೆ ಕೂತಿದ್ದವಳು ಅಲ್ಲೇ ಬಿಕ್ಕಿಬಿಕ್ಕಿ ಅತ್ತೆ. ಹೆಣ್ಣು ಮಗು. ಗಂಡೇ ಆಗಬೇಕೆಂದು ಕಾದಿದ್ದ ಮನೆ ಅದು. ಆದರೂ ಶೆಟ್ಟರು ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದರು. ಮಗುವಿಗೂ ಶಾಸ್ತ್ರದಂತೆ ಲಿಂಗ ಕಟ್ಟಿದರು.

ಗೌರಮ್ಮನವರ ಬಲಗೈ ಅಷ್ಟು ಹೊತ್ತಿಗೆ ಭುಜದಿಂದ ಕೆಳಗೆ ಹೆಚ್ಚು ಕಡಿಮೆ ಹೋಗಿಯೇ ಬಿಟ್ಟಿತ್ತು. ತುಮಕೂರಿನಿಂದ ಬಂದ ಡಾಕ್ಟರೂ ಇನ್ನು ಆ ಕೈ ಎತ್ತಲಾಗುವುದಿಲ್ಲ ಎಂದರಂತೆ. ಅವರು ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಬಲಗೈಯಿಂದ ನೀರೆರೆದು ಪೂಜೆ ಮಾಡಬೇಕು. ಈಗ ಎಡ ಅಂಗೈ ಚಾಚಿ ಕೂರುವರು, ನೀರನ್ನು ನೀಲಮ್ಮ ಎರೆಯುವಳು. ಯಾವ ಪೂಜೆಯ ನೀರಿಗಾಗಿ ನನಗೆ ಹಗ್ಗ ಕೊಡಲಿಲ್ಲವೋ ಆ ನೀರನ್ನು ತಮ್ಮ ಕೈಯಾರೆ ಲಿಂಗಕ್ಕೆ ಎರೆಯುವುದು ಅವರಿಗೆ ತಪ್ಪಿಹೋಯಿತು. ನೀಲಮ್ಮ ಇದನ್ನು ಹೇಳಿದಾಗ ನನಗೆ ದುಃಖವಾಯಿತೋ ರೋಷ ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು.

ಆ ದಸರಾ ರಜೆಯಲ್ಲಿ ನಮಗೆ ಸಿರಾಕ್ಕೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರಿಸಿ, ಹೇಳಿ ಹೋಗಲೆಂದು ನಡುಮನೆಯ ಬಾಗಿಲಿಗೆ ಹೋದೆ. ಗೌರಮ್ಮನವರು ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನೀಲಮ್ಮ ನಿಂತಿದ್ದಳು. ಕಾಲು ಮುಟ್ಟಿ ನಮಸ್ಕಾರ ಮಾಡೋಣವೆಂದು ಹೊಸ್ತಿಲೊಳಗೆ ಕಾಲಿಡಹೋದೆ.

"ಅಲ್ಲಿಂದ್ಲೇ ಮಾಡಮ್ಮ, ಇನ್ನೂ ಪೂಜೆ ಆಗಿಲ್ಲ" ಎಂದರು. ದನಿಯಲ್ಲಿ ಗಡಸು ಇರಲಿಲ್ಲ.

ನಾನು ಹೊಸ್ತಿಲ ಈಚೆ ನೆಲಕ್ಕೆ ಹಣೆ ಹಚ್ಚಿದೆ. ಏಳುವಾಗ ಕಣ್ಣು ಮಂಜಾಗಿತ್ತು. ನೀಲಮ್ಮ ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಗೌರಮ್ಮನವರು ಹ್ಞೂಂ ಎಂದು ತಲೆಯಾಡಿಸಿದರು. ಅವಳು ಹೊಸ್ತಿಲು ದಾಟಿ ಬಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಬೆಚ್ಚಗೆ, ಭಾರವಾಗಿ ಇತ್ತು ಮಗು. ಕೊರಳಲ್ಲಿ ಲಿಂಗದ ವಸ್ತ್ರ ಕಟ್ಟಿದ್ದ ಆ ಮಗುವನ್ನು ನಾನು ಎದೆಗೊತ್ತಿಕೊಂಡೆ, ಯಾರೂ ಬೇಡವೆನ್ನಲಿಲ್ಲ.

ಗೌರಮ್ಮನವರು ಕೂತಲ್ಲಿಂದಲೇ ನನ್ನನ್ನೂ ಮಗುವನ್ನೂ ಹರಸಲು ಬಲಗೈ ಎತ್ತಹೋದರು. ಕೈ ಮಡಿಲಿನಿಂದ ಸ್ವಲ್ಪ ಎದ್ದು ಅಲ್ಲೇ ನಿಂತಿತು. ಎಡಗೈಯಲ್ಲಿ ಹರಸುವುದು ಶುಭವಲ್ಲವೆಂದು ಅವರು ಅದನ್ನು ಎತ್ತಲಿಲ್ಲ. ನೀಲಮ್ಮ ಒಳಗೆ ಹೋಗಿ ಅತ್ತೆಯ ಪಕ್ಕದಲ್ಲಿ ಮೊಣಕಾಲೂರಿ ಕೂತು, ಆ ಬಲಗೈಯ ಕೆಳಗೆ ತನ್ನ ಕೈಕೊಟ್ಟು, ಬಾಗಿದ ನನ್ನ ತಲೆಯ ಮಟ್ಟಕ್ಕೆ ಬರುವವರೆಗೂ ಮೆಲ್ಲಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿದಳು.